ಏಳೂವರೆ ಡಿಗ್ರಿ

ಸೆತೂಬಲ್‌ನ ಹಳೆ ಮೀನು ಕಾರ್ಖಾನೆಯ ಹಿಂದೆ,
ಉಪ್ಪುಗಾಳಿಗೆ ಬೀಗವೂ ತುಕ್ಕು ಹಿಡಿಯುವಲ್ಲಿ,
ಎರ್ಮೀನಿಯೊ ತನ್ನ ಟ್ಯಾಕ್ಸಿ ತಂದು ನಿಲ್ಲಿಸಿದ:
ಕರಿ ಮೈ, ಹಸಿರು ನೆತ್ತಿ,
ಎಪ್ಪತ್ತೊಂಬತ್ತರ ಡೀಸೆಲ್ ಮರ್ಸಿಡಿಸ್.
"ಬೆಳಗಿನ ಚಳಿಯಲ್ಲಿ ಎಬ್ಬಿಸಿದರೆ
ಮುಂದುಗಡೆ ಏನೋ ಗಲಗಲ.
ಆಮೇಲೆ ತಾನೇ ಸುಮ್ಮನಾಗುತ್ತದೆ,
ನಮ್ಮತ್ತೆಯ ಹಾಗಲ್ಲ."

ಬೆಲ್ಮೀರೊ ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು
ತುದಿಯನ್ನು ಎಂಜಿನ್ನಿನ ಎದೆಗೊತ್ತಿ
ಬಗ್ಗಿ ನಿಂತ, ಬಹಳ ಹೊತ್ತು.
ನಲವತ್ತು ವರ್ಷ ಈ ಊರಿನ ಕಾರುಗಳನ್ನು
ಹೀಗೇ ಆಲಿಸಿದವನು.
"ಏನಿಲ್ಲ," ಅಂದ.

ಮೂರು ಮಾರು ದೂರದಲ್ಲಿದ್ದ ನನಗೆ ಕೇಳುತ್ತಿತ್ತು,
ಡಬ್ಬಿಯೊಳಗೆ ನಾಲ್ಕು ಕಾಳು ಅಲುಗಿಸಿದಂತೆ.
ಎಂಟು ತಿಂಗಳ ಕೆಲಸದವಳು ನಾನು,
"ಇದೆ" ಎನ್ನಲು ಬಾಯಿ ಬರಲಿಲ್ಲ.
"ಗುರುತು ನೋಡಿಬಿಡೋಣವೇ?" ಅಂದೆ, ನೆಲ ನೋಡುತ್ತ.
ಅವನು ನನ್ನನ್ನೊಮ್ಮೆ ನೋಡಿದ,
ಸ್ಕ್ರೂಡ್ರೈವರು ಒರೆಸಿ ಜೇಬಿಗಿಳಿಸಿದ.

ಗ್ಲೋ ಪ್ಲಗ್ಗುಗಳನ್ನು ಬಿಚ್ಚಿದೆವು.
ಎಂಜಿನ್ ಕಟ್ಟಿಕೊಂಡಿದ್ದ ಉಸಿರು ಬಿಟ್ಟಿತು.
ಮೇಲಿನ ಮುಚ್ಚಳ ತೆಗೆದರೆ
ಕರಿ ಎಣ್ಣೆಯಲ್ಲಿ ಮಿಂದ ಜೋಡಿ ಸಾಲಿನ ಸರಪಳಿ,
ನೋಡಲು ಏನೇನೂ ಆಗದ ಹಾಗೆ.
ಕೆಳಗಿನ ಬೋಲ್ಟಿಗೆ ಇಪ್ಪತ್ತೇಳರ ಸಾಕೆಟ್, ನನ್ನ ಎರಡೂ ಕೈ.
"ಮುಂದಕ್ಕೆ ಮಾತ್ರ. ಗುರುತು ದಾಟಿತೋ,
ಹಿಂದಕ್ಕೆ ತಿರುಗಿಸಬೇಡ.
ಇನ್ನೆರಡು ಸುತ್ತು ಪೂರ್ತಿ ಸುತ್ತಿ ಬಾ."
ದಾಟಿದೆ. ಸುತ್ತಿ ಬಂದೆ.
ಮತ್ತೆ ಕೂದಲೆಳೆಯಷ್ಟು ದಾಟಿದೆ.
ಮೂರನೆಯ ಸಲಕ್ಕೆ ಮೇಲಿನ ಗೀರಿಗೆ ಗೀರು ಕೂತಿತು,
ಬಾಗಿಲಿಗೆ ಚಿಲಕ ಕೂತಂತೆ.

ಮೇಲೆ ಸರಿಯಿದ್ದರೆ ಕೆಳಗೆ ಸೊನ್ನೆಯಿರಬೇಕು.
ಟಾರ್ಚು ಹಿಡಿದೆ, ಗ್ರೀಸು ಕೆರೆದೆ,
ಉಗುಳು ಹಚ್ಚಿ ಬೆರಳಲ್ಲಿ ಒರೆಸಿದೆ.
ಏಳು. ಮೇಲೆ ಅರ್ಧ.

ಸರಪಳಿ ಹಿಗ್ಗಿದೆ ಅನ್ನುತ್ತಾರೆ ಎಲ್ಲರೂ.
ಉಕ್ಕೇನು ರಬ್ಬರೇ, ಹಿಗ್ಗಲು?
ಕೊಂಡಿ ಕೊಂಡಿಯ ನಡುವಿನ ಕೀಲು
ಎಳ್ಳಿನ ಸಿಪ್ಪೆಯಷ್ಟೂ ಇಲ್ಲದಂತೆ ಸವೆದಿರುತ್ತದೆ, ಅಷ್ಟೇ.
ಇದೇ ಎಂದು ಯಾವುದನ್ನೂ ಬೆರಳಿಟ್ಟು ತೋರಿಸಲಾಗದು.
ವಿಚಾರಣೆಗೆ ಕರೆದರೆ ಪ್ರತಿ ಕೊಂಡಿಯೂ ಸಾಚಾ.
ಹನಿಗೂಡಿ ಹಳ್ಳವಾಗುವುದು ಗೊತ್ತಿತ್ತು;
ಇಲ್ಲದ್ದಕ್ಕೆ ಇಲ್ಲದ್ದು ಕೂಡಿಯೂ
ಹಳ್ಳ ಬೀಳುತ್ತದೆಂದು ಅವತ್ತು ಕಂಡೆ.

ಕಿಲೋಮೀಟರು ಎಣಿಸುವ ಯಂತ್ರ ಸತ್ತು ಒಂಬತ್ತು ವರ್ಷ.
ಎಷ್ಟು ಓಡಿತೆಂದು ಎರ್ಮೀನಿಯೊಗೂ ತಿಳಿಯದು.
ಹಿಂದಿನ ಸೀಟಿನಲ್ಲೇ ಹೆತ್ತುಬಿಟ್ಟವಳು,
ಹಡಗಿಳಿದು ಹತ್ತಿ, ಊರೇ ನೆನಪಾಗದೆ ಮಲಗಿದ ನಾವಿಕ,
ಪ್ರತಿ ಗುರುವಾರ ಗೋರಿಗೆ ಹೂ ಒಯ್ಯುತ್ತಿದ್ದ ಇಬ್ಬರು ಅಕ್ಕತಂಗಿಯರು,
ಆಮೇಲೆ ಒಬ್ಬಳೇ,
ಆಮೇಲೆ ಗುರುವಾರ ಖಾಲಿ.
ಬರೆದಿಟ್ಟದ್ದು ಸರಪಳಿ ಮಾತ್ರ.

"ಅರ್ಧಚಂದ್ರದ ಬೆಣೆ ಬರುತ್ತದಲ್ಲ, ಓರೆಯದು,
ಅದನ್ನೇ ಹಾಕು. ಹತ್ತು ಯೂರೊದಲ್ಲಿ ಮುಗಿಯಲಿ."
ಹಾಕಬಹುದಿತ್ತು.
ಗಡಿಯಾರದ ಮುಳ್ಳನ್ನು ಮುಂದಕ್ಕೆ ತಳ್ಳಿದಂತೆ:
ಹೊತ್ತು ಸರಿಹೋಗುತ್ತದೆ,
ಗಡಿಯಾರ ಇದ್ದ ಹಾಗೇ ಇರುತ್ತದೆ.
"ಬೇಡ," ಅಂದ ಬೆಲ್ಮೀರೊ,
ಅಂಗಡಿಯಲ್ಲಿ ಯಾರೂ ಕೂಗದಿದ್ದರೂ
ತುಸು ಜೋರಾಗಿಯೇ.

ಹಳೆಯದರ ಒಂದು ಕೊಂಡಿ ಕತ್ತರಿಸಿ
ಆ ತುದಿಗೆ ಹೊಸದರ ತುದಿ ಜೋಡಿಸಿದೆವು.
ಎರ್ಮೀನಿಯೊ ಅಂಗಿತೋಳು ಮಡಚಿ ಕೆಳಗೆ ತಿರುಗಿಸಿದ.
ಈ ಕಡೆ ನಾನು ಹೊಸದನ್ನು ಉಣಿಸಿದೆ,
ಆ ಕಡೆ ಬೆಲ್ಮೀರೊ ಹಳೆಯದನ್ನು ಎಳೆದುಕೊಂಡ.
ಸಡಿಲ ಬಿಟ್ಟರೆ ಒಳಗೆ ಬಿತ್ತು, ಮಾತಾಡಬೇಡಿ.
ನಡುವೆ ಒಂದು ಗಳಿಗೆ
ಅರ್ಧ ಹಳತು, ಅರ್ಧ ಹೊಸತು,
ಕಿರಕಿರ ಸದ್ದು ಮಾತ್ರ,
ಅವನ ಕೈಯ ಎಳೆತ ನನ್ನ ಬೆರಳಿಗೆ ಬರುತ್ತಿತ್ತು.

ಮರುದಿನ ಬೆಳಗ್ಗೆ ಬಾಯಲ್ಲಿ ಹೊಗೆಯಾಡುವ ಚಳಿ.
ಎರ್ಮೀನಿಯೊ ಶಿಲುಬೆ ಗೀಚಿಕೊಂಡು ಕೀಲಿ ತಿರುಗಿಸಿದ.
ಸ್ಕ್ರೂಡ್ರೈವರು ಜೇಬಿನಲ್ಲೇ ಇತ್ತು.
ಬೆಲ್ಮೀರೊ ಎಂಜಿನ್ನಿನತ್ತ ಬಾಗಲಿಲ್ಲ.
ನನ್ನ ಮುಖವನ್ನೇ ನೋಡುತ್ತಿದ್ದ,
ಟಾರ್ಚು ಹಿಡಿದು ಗೀರು ಓದುವವನಂತೆ.